ಜಗಳಕ್ಕೂ ಉಂಟು ಚಿಕಿತ್ಸೆ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ರೋಗವನ್ನೂ ಜಗಳವನ್ನೂ ಒಂದೇ ಉಸಿರಿನಲ್ಲಿ ಹೇಳಿದ ನಮ್ಮ ಹಿರಿಯರು ಆಸ್ಪತ್ರೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿರಲಾರರು. ಆದರೆ ಇವೆರಡೂ ಒಂದೇ ಸೂರಿನಡಿ ಸೇರುವ ಜಾಗವೆಂದರೆ ಆಸ್ಪತ್ರೆಯೇ. ರೋಗ ವಾಸಿಮಾಡಲೆಂದು ಸೇರಿದವರ ನಡುವೆಯೇ ಜಗಳ ಹುಟ್ಟಿದರೆ ಅದಕ್ಕೆ ಔಷಧಿ ಏನು?

ಆಸ್ಪತ್ರೆಗೆ ಹೋದವರ ಕಣ್ಣಿಗೆ ಮೊದಲು ಬೀಳುವವರು ವೈದ್ಯರು ಮತ್ತು ನರ್ಸುಗಳು. ಆದರೆ ಒಬ್ಬ ರೋಗಿಯ ಆರೈಕೆಯ ಹಿಂದೆ ಇನ್ನೂ ಎಷ್ಟೋ ಕೈಗಳಿವೆ. ರಕ್ತ ಪರೀಕ್ಷಿಸುವ ಟೆಕ್ನೀಷಿಯನ್, ಎಕ್ಸ್‌ರೇ ತೆಗೆಯುವವರು, ಔಷಧಿ ಕೊಡುವ ಫಾರ್ಮಸಿಸ್ಟ್, ಅರಿವಳಿಕೆ ತಜ್ಞರು, ಸ್ಟ್ರೆಚರ್ ತಳ್ಳುವ ವಾರ್ಡ್‌ಬಾಯ್, ನೆಲ ಒರೆಸುವ ಆಯಾ, ದಾಖಲೆ ಬರೆಯುವ ಗುಮಾಸ್ತರು ಹೀಗೆ ಪಟ್ಟಿ ಬೆಳೆಯುತ್ತದೆ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ರೋಗಿಯೂ ಹೋಗುತ್ತಾನೆ, ಅವನ ಬಗೆಗಿನ ಮಾಹಿತಿಯೂ ಹೋಗುತ್ತದೆ. ಈ ಸರಪಳಿಯ ಎರಡು ಕೊಂಡಿಗಳ ನಡುವೆ ಮಾತು ನಿಂತರೆ ಮಾಹಿತಿಯೂ ಅಲ್ಲಿಗೇ ನಿಲ್ಲುತ್ತದೆ.

ಬ್ಯಾಂಕಿನಲ್ಲಿ ಇಬ್ಬರು ಗುಮಾಸ್ತರು ಮುನಿಸಿಕೊಂಡರೆ ಗ್ರಾಹಕನಿಗೆ ಅರ್ಧ ಗಂಟೆ ತಡವಾದೀತು. ಆಸ್ಪತ್ರೆಯಲ್ಲಿ ಹಾಗಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ಇಲ್ಲಿ ಆ ಕೂಸು ಹಾಸಿಗೆಯ ಮೇಲೆ ಮಲಗಿರುವ ರೋಗಿ.

ಒರಟು ಮಾತಿನ ಪ್ರಯೋಗ

ಇದು ಬರೀ ಊಹೆಯೇ ಅಥವಾ ಅಳೆದು ತೋರಿಸಬಹುದಾದ ಸಂಗತಿಯೇ? ಇಸ್ರೇಲಿನ ವೈದ್ಯ ಆರಿಯೆ ರಿಸ್ಕಿನ್ ಮತ್ತು ಸಂಗಡಿಗರು ಇದಕ್ಕಾಗಿ ಒಂದು ಜಾಣ್ಮೆಯ ಪ್ರಯೋಗ ನಡೆಸಿ, 2015ರಲ್ಲಿ ಅಮೆರಿಕದ ‘ಪೀಡಿಯಾಟ್ರಿಕ್ಸ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು.

ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳಲ್ಲಿ ಕೆಲಸ ಮಾಡುವ 24 ತಂಡಗಳನ್ನು ಅವರು ತರಬೇತಿಗೆ ಕರೆಸಿದರು. ಅವಧಿಗೆ ಮುನ್ನ ಹುಟ್ಟಿದ ಮಗುವೊಂದರ ಸ್ಥಿತಿ ಇದ್ದಕ್ಕಿದ್ದಂತೆ ಹದಗೆಡುತ್ತದೆ. ಅದರ ಕರುಳಿಗೆ ತೀವ್ರವಾದ ಕಾಯಿಲೆ ತಗುಲಿದೆ. ತಂಡ ಅದನ್ನು ಗುರುತಿಸಿ ಚಿಕಿತ್ಸೆ ಕೊಡಬೇಕು. ಮಗು ನಿಜವಾದದ್ದಲ್ಲ, ಇದು ಅಣಕು ಅಭ್ಯಾಸ. ಹೊರದೇಶದ ತಜ್ಞರೊಬ್ಬರು ಇದನ್ನು ನೋಡುತ್ತಾರೆಂದು ಎಲ್ಲರಿಗೂ ತಿಳಿಸಲಾಗಿತ್ತು. ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸಿದ ಕೆಲವು ತಂಡಗಳು ಆ ‘ತಜ್ಞ’ರಿಂದ ಕೊಂಚ ಒರಟಾದ ಮಾತು ಕೇಳಿದವು. ಆ ಮಾತಿಗೂ ತಂಡದ ಕೆಲಸಕ್ಕೂ ಏನೇನೂ ಸಂಬಂಧವಿರಲಿಲ್ಲ. ಉಳಿದ ತಂಡಗಳು ಕೇಳಿದ್ದು ಸಾಮಾನ್ಯ ಮಾತು.

ಎಲ್ಲವನ್ನೂ ವಿಡಿಯೊದಲ್ಲಿ ಚಿತ್ರಿಸಿ, ಯಾವ ತಂಡಕ್ಕೆ ಯಾವ ಮಾತು ಬಿತ್ತೆಂದು ಗೊತ್ತಿಲ್ಲದ ಮೂವರು ಪರೀಕ್ಷಕರಿಗೆ ಅಂಕ ಕೊಡಲು ಒಪ್ಪಿಸಲಾಯಿತು. ರೋಗ ಗುರುತಿಸುವುದರಲ್ಲಿ ಸಾಮಾನ್ಯ ಮಾತು ಕೇಳಿದವರ ಸರಾಸರಿ ಅಂಕ 3.2, ಒರಟು ಮಾತು ಕೇಳಿದವರದು 2.6. ಚಿಕಿತ್ಸೆಯ ಕೈಕೆಲಸದಲ್ಲಿ 3.3 ಮತ್ತು 2.8. ಒರಟು ಮಾತು ಕೇಳಿದ ತಂಡಗಳಲ್ಲಿ ಒಬ್ಬರು ಇನ್ನೊಬ್ಬರಿಗೆ ಮಾಹಿತಿ ಹೇಳುವುದೂ ಸಹಾಯ ಕೇಳುವುದೂ ಕಡಿಮೆಯಾಗಿತ್ತು. ಹೊರಗಿನವರೊಬ್ಬರ ಎರಡು ಮಾತಿಗೇ ಇಷ್ಟು ಪರಿಣಾಮವಾದರೆ, ದಿನವೂ ಮುಖ ನೋಡಬೇಕಾದ ಸಹೋದ್ಯೋಗಿಗಳ ನಡುವೆ ತಿಂಗಳುಗಟ್ಟಲೆ ಹೊಗೆಯಾಡುವ ವೈಮನಸ್ಸು ಏನು ಮಾಡೀತು?

ಬ್ರಿಸ್ಟಲ್ ಕಲಿಸಿದ ಪಾಠ

ಈ ಪ್ರಶ್ನೆಗೆ ನೋವಿನ ಉತ್ತರವೊಂದು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿದೆ. ಅಲ್ಲಿನ ರಾಯಲ್ ಇನ್‌ಫರ್ಮರಿ ಆಸ್ಪತ್ರೆಯಲ್ಲಿ ಎಳೆಯ ಮಕ್ಕಳಿಗೆ ಹೃದಯ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. ಶಸ್ತ್ರಚಿಕಿತ್ಸೆಯ ನಂತರ ಮಕ್ಕಳು ಸಾಯುವುದು ಬೇರೆಡೆಗಿಂತ ಹೆಚ್ಚಾಗಿದೆಯೆಂಬ ಅನುಮಾನ ಅಲ್ಲಿನ ಒಬ್ಬ ಅರಿವಳಿಕೆ ತಜ್ಞರಿಗೆ ಬಂತು. 1990ರಿಂದಲೇ ಅವರು ಅದನ್ನು ಮೇಲಿನವರ ಗಮನಕ್ಕೆ ತಂದರು. ಬೇಕಾದ ಹೊತ್ತಿಗೆ ಕಿವಿಗೊಟ್ಟವರಿಲ್ಲ. ಕೊನೆಗೆ ಅವರು ಆ ಊರನ್ನೇ ಬಿಟ್ಟು ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದರು.

ಪ್ರೊಫೆಸರ್ ಇಯಾನ್ ಕೆನಡಿ ಅವರ ಅಧ್ಯಕ್ಷತೆಯ ಸಾರ್ವಜನಿಕ ವಿಚಾರಣೆಯ ವರದಿ 2001ರ ಜುಲೈನಲ್ಲಿ ಹೊರಬಂತು. 1991ರಿಂದ 1995ರ ನಡುವೆ, ಅಂಥ ಬೇರೆ ಘಟಕದಲ್ಲಿ ನಿರೀಕ್ಷಿಸಬಹುದಾದುದಕ್ಕಿಂತ 30ರಿಂದ 35 ಹೆಚ್ಚು ಹಸುಳೆಗಳು, ಎಲ್ಲ ಒಂದು ವರ್ಷದೊಳಗಿನವು, ಅಲ್ಲಿ ಸತ್ತಿದ್ದವೆಂದು ಅದು ಲೆಕ್ಕ ಹಾಕಿತು. ಅಲ್ಲಿದ್ದವರು ಕೆಟ್ಟವರೆಂದು ವರದಿ ಹೇಳಲಿಲ್ಲ. ರೋಗಿಗಳ ಬಗ್ಗೆ ಕಾಳಜಿ ಇದ್ದವರೇ ಪರಸ್ಪರ ಮಾತನಾಡಿಕೊಳ್ಳದೆ, ಒಂದು ತಂಡವಾಗಿ ದುಡಿಯದೆ ಸೋತರು. ಅಧಿಕಾರ ಕೆಲವೇ ಕೈಗಳಲ್ಲಿ ಉಳಿದು ಅದೊಂದು ಕ್ಲಬ್ಬಿನಂತಾಗಿತ್ತು ಎಂಬುದು ಅದರ ಸಾರ. ಹೊರಗಿನಿಂದ ನೋಡಿದವರಿಗೆ ಅಲ್ಲಿ ಜಗಳವೇ ಕಾಣುತ್ತಿರಲಿಲ್ಲವೇನೋ. ಮೌನವನ್ನು ಶಾಂತಿಯೆಂದು ಭಾವಿಸಿದರೆ ಆಗುವ ಅಪಾಯವಿದು.

ತೀರ್ಪು ಕೊಡದ ಮಧ್ಯಸ್ಥಗಾರ

ಜಗಳ ಹೊರಬಿದ್ದಾಗ ನಮ್ಮ ಕಚೇರಿಗಳಲ್ಲಿ ಸಾಮಾನ್ಯವಾಗಿ ನಡೆಯುವುದೇನು? ದೂರು, ಮೆಮೊ, ವಿವರಣೆ ಕೇಳುವ ನೋಟೀಸು, ವಿಚಾರಣೆ, ಕೊನೆಗೆ ಒಬ್ಬರ ವರ್ಗಾವಣೆ. ಇದು ಜ್ವರಕ್ಕೆ ಪ್ಯಾರಾಸಿಟಮಾಲ್ ನುಂಗಿದಂತೆ. ಕಾವು ಇಳಿಯುತ್ತದೆ, ಸೋಂಕು ಒಳಗೇ ಉಳಿಯುತ್ತದೆ. ವರ್ಗವಾಗಿ ಬಂದ ಹೊಸಬರೂ ಅದೇ ಜಗಳಕ್ಕೆ ಸಿಕ್ಕಿಬೀಳುತ್ತಾರೆ.

ಮಧ್ಯಸ್ಥಿಕೆ ಬೇರೆ ಹಾದಿ. ಪಂಚಾಯ್ತಿ ಕಟ್ಟೆಯಲ್ಲಿ ಕೂತ ಹಿರಿಯರು ಎರಡೂ ಕಡೆಯ ಮಾತು ಕೇಳಿ ಯಾರದು ಸರಿ, ಯಾರದು ತಪ್ಪು ಎಂದು ಹೇಳುತ್ತಾರೆ. ನ್ಯಾಯಾಧೀಶರ ಕೆಲಸವೂ ಅದೇ. ಮಧ್ಯಸ್ಥಗಾರನಿಗೆ ತೀರ್ಪು ಕೊಡುವ ಅಧಿಕಾರವೇ ಇಲ್ಲ. ಜಗಳದ ಇಬ್ಬರೂ ಒಟ್ಟಿಗೆ ಕೂತು ತಮ್ಮ ಪರಿಹಾರವನ್ನು ತಾವೇ ಕಂಡುಕೊಳ್ಳಲು ನೆರವಾಗುವುದಷ್ಟೇ ಆತನ ಕೆಲಸ. ಪೊಟ್ಯಾಸಿಯಂ ಕ್ಲೋರೇಟನ್ನು ಕಾಯಿಸಿ ಆಮ್ಲಜನಕ ಪಡೆಯುವಾಗ ಮ್ಯಾಂಗನೀಸ್ ಡೈಆಕ್ಸೈಡ್ ಬೆರೆಸುವುದನ್ನು ಶಾಲೆಯಲ್ಲಿ ಓದಿದವರು ನೆನಪಿಸಿಕೊಳ್ಳಬಹುದು. ಅದು ಕ್ರಿಯೆಯನ್ನು ಸುಲಭಗೊಳಿಸುತ್ತದೆ. ಕೊನೆಯಲ್ಲಿ ತಾನು ಇದ್ದಂತೆಯೇ ಉಳಿದಿರುತ್ತದೆ. ಮಧ್ಯಸ್ಥಗಾರನೂ ಅಂಥ ಕ್ರಿಯಾವರ್ಧಕ.

ಈ ವಿಧಾನದ ಹಿಂದಿನ ಮುಖ್ಯ ವಿಚಾರವನ್ನು ಸರಳವಾಗಿ ಹೇಳಿದವರಲ್ಲಿ ಅಮೆರಿಕದ ಮೇರಿ ಪಾರ್ಕರ್ ಫಾಲೆಟ್ ಒಬ್ಬರು. 1925ರ ಒಂದು ಉಪನ್ಯಾಸದಲ್ಲಿ ಆಕೆ ಹೇಳಿದ ಚಿಕ್ಕ ಪ್ರಸಂಗ ಪ್ರಸಿದ್ಧವಾಗಿದೆ. ಹಾರ್ವರ್ಡ್‌ನ ಗ್ರಂಥಾಲಯದ ಸಣ್ಣ ಕೋಣೆಯೊಂದರಲ್ಲಿ ಇಬ್ಬರು ಓದುತ್ತಿದ್ದರು. ಒಬ್ಬರಿಗೆ ಕಿಟಕಿ ತೆರೆಯಬೇಕು, ಫಾಲೆಟ್‌ಗೆ ಅದು ಮುಚ್ಚಿರಬೇಕು. ಅವರು ಪಕ್ಕದ ಖಾಲಿ ಕೋಣೆಯ ಕಿಟಕಿ ತೆರೆದರು. ಒಬ್ಬರಿಗೆ ಬೇಕಿದ್ದದ್ದು ಹೊಸ ಗಾಳಿ. ಇನ್ನೊಬ್ಬರಿಗೆ ಬೇಡವಾಗಿದ್ದದ್ದು ನೇರವಾಗಿ ಮೈಮೇಲೆ ಬೀಸುವ ಚಳಿಗಾಳಿ. ಕಿಟಕಿಯನ್ನು ಅರ್ಧ ತೆರೆದಿದ್ದರೆ ಇಬ್ಬರಿಗೂ ಅರ್ಧ ಅತೃಪ್ತಿಯೇ ಉಳಿಯುತ್ತಿತ್ತು.

‘ಏನು ಬೇಕು?’ ಎಂಬ ಪ್ರಶ್ನೆಯಿಂದ ‘ಯಾಕೆ ಬೇಕು?’ ಎಂಬ ಪ್ರಶ್ನೆಗೆ ಹೋಗುವುದೇ ಮಧ್ಯಸ್ಥಿಕೆಯ ಜೀವಾಳ. 1981ರಲ್ಲಿ ರೋಜರ್ ಫಿಶರ್ ಮತ್ತು ವಿಲಿಯಂ ಯೂರಿ ಬರೆದ ‘ಗೆಟಿಂಗ್ ಟು ಯೆಸ್’ ಎಂಬ ಪುಸ್ತಕ ಇದೇ ವಿಚಾರವನ್ನು ಜಗತ್ತಿನೆಲ್ಲೆಡೆ ಹರಡಿತು.

ಕೆಂಪು ಶಾಯಿಯ ಚೀಟಿ

ಆಸ್ಪತ್ರೆಯಲ್ಲಿ ಇದು ಹೇಗೆ ನಡೆಯುತ್ತದೆ? ಯಾವ ಊರಲ್ಲಾದರೂ ನಡೆಯಬಹುದಾದ ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳೋಣ.

ರಾತ್ರಿ ಎರಡು ಗಂಟೆ. ವಾರ್ಡಿನ ಸಿಸ್ಟರ್ ವಯಸ್ಸಾದ ರೋಗಿಯೊಬ್ಬರ ರಕ್ತ ತೆಗೆದು ಪ್ರಯೋಗಾಲಯಕ್ಕೆ ಕಳಿಸಿದ್ದಾರೆ. ಅರ್ಧ ಗಂಟೆಯ ಮೇಲೆ ಕೆಂಪು ಶಾಯಿಯಲ್ಲಿ ‘ತಿರಸ್ಕೃತ, ಮತ್ತೆ ಕಳಿಸಿ’ ಎಂದು ಬರೆದ ಚೀಟಿ ಬರುತ್ತದೆ. ಆ ವಾರದಲ್ಲಿ ಇದು ಮೂರನೇ ಸಲ. ‘ಲ್ಯಾಬಿನವರಿಗೆ ನಿದ್ದೆ ಬಂದಾಗಲೆಲ್ಲ ನಮ್ಮ ಸ್ಯಾಂಪಲ್ ಕೆಡುತ್ತದೆ’ ಎಂದು ಸಿಸ್ಟರ್ ಗೊಣಗುತ್ತಾರೆ. ‘ನೆಟ್ಟಗೆ ರಕ್ತ ತೆಗೆಯಲು ಬಾರದವರು ನಮಗೆ ಪಾಠ ಹೇಳುತ್ತಾರೆ’ ಎಂದು ಅತ್ತ ಟೆಕ್ನೀಷಿಯನ್ ಸಿಡುಕುತ್ತಾನೆ. ಮಾತು ವೈದ್ಯರ ಕಿವಿಗೆ ಬೀಳುತ್ತದೆ. ಇಬ್ಬರೂ ಲಿಖಿತ ದೂರು ಕೊಡುತ್ತಾರೆ. ಅಲ್ಲಿಂದ ಮುಂದೆ ವಾರ್ಡಿನಿಂದ ಪ್ರಯೋಗಾಲಯಕ್ಕೆ ಫೋನೇ ಹೋಗುವುದಿಲ್ಲ, ಬರೀ ಚೀಟಿ.

ಇವರಿಬ್ಬರನ್ನೂ ಬೇರೆ ವಿಭಾಗದ, ತರಬೇತಿ ಪಡೆದ ಮಧ್ಯಸ್ಥಗಾರರೊಬ್ಬರು ಮೊದಲು ಬೇರೆ ಬೇರೆಯಾಗಿ, ಆಮೇಲೆ ಒಟ್ಟಿಗೆ ಕೂರಿಸಿ ಮಾತಾಡಿಸುತ್ತಾರೆ ಎನ್ನೋಣ. ‘ಸ್ಯಾಂಪಲ್ ವಾಪಸ್ ಮಾಡಿದ್ದು ಯಾಕೆ?’ ಎಂಬ ಪ್ರಶ್ನೆಗೆ ಟೆಕ್ನೀಷಿಯನ್ ಹೇಳುತ್ತಾನೆ: ‘ರಕ್ತಕಣಗಳು ಒಡೆದಿದ್ದವು ಸಿಸ್ಟರ್. ಪೊಟ್ಯಾಸಿಯಂ ಸುಳ್ಳಾಗಿ ಜಾಸ್ತಿ ಬರುತ್ತೆ. ಅದನ್ನು ನಂಬಿ ಡಾಕ್ಟರು ಔಷಧಿ ಕೊಟ್ಟರೆ? ವರದಿಗೆ ಸಹಿ ಹಾಕೋನು ನಾನು.’

ಇದರ ಹಿಂದಿನ ವಿಜ್ಞಾನ ಸರಳ. ರಕ್ತದ ದ್ರವಭಾಗದಲ್ಲಿ ಪೊಟ್ಯಾಸಿಯಂ ಪ್ರಮಾಣ ಲೀಟರಿಗೆ ಸುಮಾರು 3.5ರಿಂದ 5 ಮಿಲಿಮೋಲ್ ಇರುತ್ತದೆ. ಕೆಂಪು ರಕ್ತಕಣಗಳ ಒಳಗೆ ಅದು ಇಪ್ಪತ್ತು ಪಟ್ಟಿಗೂ ಹೆಚ್ಚು. ತೀರ ಸಣ್ಣ ಸೂಜಿ ಬಳಸಿದರೆ, ಸಿರಿಂಜನ್ನು ಜೋರಾಗಿ ಎಳೆದರೆ, ಕೊಳವೆಯನ್ನು ಬಲವಾಗಿ ಕುಲುಕಿದರೆ ಕಣಗಳು ಒಡೆದು ಒಳಗಿನ ಪೊಟ್ಯಾಸಿಯಂ ಹೊರಗೆ ಸೋರುತ್ತದೆ. ಪೊಟ್ಯಾಸಿಯಂ ಏರುಪೇರಾದರೆ ಹೃದಯದ ಬಡಿತವೇ ತಪ್ಪಬಹುದು. ಹಾಗಾಗಿ ವೈದ್ಯರು ಆ ಅಂಕಿಯನ್ನು ನೋಡಿ ಕೂಡಲೇ ಔಷಧಿ ಕೊಡುತ್ತಾರೆ.

ಸಿಸ್ಟರ್ ಹೇಳುವುದೂ ಸುಳ್ಳಲ್ಲ: ‘ಮೂವತ್ತು ಹಾಸಿಗೆಗೆ ರಾತ್ರಿ ನಾನೊಬ್ಬಳೇ. ಆ ಅಜ್ಜನ ನರವೇ ಸಿಗುವುದಿಲ್ಲ. ಎರಡು ಸಲ ಚುಚ್ಚಿದ್ದೆ, ಮೂರನೇ ಸಲ ಚುಚ್ಚುವಾಗ ಅವರ ಮಗಳು ನನ್ನ ಮೇಲೇ ಕೂಗಾಡಿದಳು. ನೀವು ಒಂದು ಫೋನ್ ಮಾಡಿ ಕಾರಣ ಹೇಳಿದ್ದರೆ ನಾನು ಅವರಿಗೆ ಹೇಳುತ್ತಿದ್ದೆ.’

ಈಗ ಚಿತ್ರವೇ ಬದಲಾಯಿತು. ಇಬ್ಬರಿಗೂ ಬೇಕಿರುವುದು ಒಂದೇ: ಅಜ್ಜನಿಗೆ ಸರಿಯಾದ ವರದಿ ಬೇಗ ಸಿಗಬೇಕು. ಅಡ್ಡಿಯಾದದ್ದು ಕಾರಣ ಹೇಳದ ಕೆಂಪು ಚೀಟಿ. ಸ್ಯಾಂಪಲ್ ವಾಪಸ್ ಮಾಡುವ ಮುನ್ನ ಫೋನಿನಲ್ಲಿ ಕಾರಣ ಹೇಳುವುದು. ರಕ್ತ ತೆಗೆಯುವುದು ಕಷ್ಟವಾಗಿದ್ದರೆ ಸಿಸ್ಟರ್ ಅದನ್ನು ಚೀಟಿಯಲ್ಲೇ ಬರೆಯುವುದು. ಹೊಸದಾಗಿ ಬಂದ ನರ್ಸುಗಳಿಗೆ ಪ್ರಯೋಗಾಲಯದವರೇ ಒಂದು ಗಂಟೆ ಪ್ರಾತ್ಯಕ್ಷಿಕೆ ತೋರಿಸುವುದು. ರಾತ್ರಿ ಪಾಳಿಗೆ ಇನ್ನೊಬ್ಬರು ಬೇಕೆಂದು ಇಬ್ಬರೂ ಸೇರಿ ಮೇಲಧಿಕಾರಿಗೆ ಬರೆಯುವುದು. ನಾಲ್ಕು ಸಾಲಿನ ಒಪ್ಪಂದ. ತಿಂಗಳ ನಂತರ ಮತ್ತೆ ಕೂತು, ನಡೆಯಿತೇ ಇಲ್ಲವೇ ಎಂದು ನೋಡುವುದು.

ದೂರನ್ನು ವಿಚಾರಣೆಗೆ ಒಪ್ಪಿಸಿದ್ದರೆ ಇಬ್ಬರಲ್ಲಿ ಒಬ್ಬರು ಗೆಲ್ಲುತ್ತಿದ್ದರು. ಆದರೆ ಮರುರಾತ್ರಿಯೂ ಅವರಿಬ್ಬರೇ ಡ್ಯೂಟಿಯಲ್ಲಿ ಇರುತ್ತಿದ್ದರು. ಒಟ್ಟಿಗೆ ದುಡಿಯಲೇಬೇಕಾದವರಿಗೆ ಗೆಲುವಿಗಿಂತ ಹೊಂದಾಣಿಕೆಯೇ ಲಾಭ.

ಕೆಲವು ಕಟ್ಟುಪಾಡುಗಳು

ಮಧ್ಯಸ್ಥಿಕೆ ಫಲಿಸಬೇಕಾದರೆ ಕೆಲವು ನಿಯಮಗಳನ್ನು ಪಾಲಿಸಬೇಕು. ಇಬ್ಬರೂ ಮನಸಾರೆ ಒಪ್ಪಿ ಬಂದಿರಬೇಕು, ಬಲವಂತದ ಮಾಘಸ್ನಾನವಾಗಬಾರದು. ಮಧ್ಯಸ್ಥಗಾರ ಇಬ್ಬರಿಗೂ ಮೇಲಧಿಕಾರಿ ಆಗಿರಬಾರದು. ಇದ್ದರೆ ಯಾರೂ ಮನಬಿಚ್ಚಿ ಮಾತಾಡುವುದಿಲ್ಲ. ಒಬ್ಬರು ಮಾತಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವಂತಿಲ್ಲ. ಕೇಳಿದ್ದನ್ನು ತಮ್ಮ ಮಾತಿನಲ್ಲಿ ಮತ್ತೊಮ್ಮೆ ಹೇಳಿ, ‘ನೀವು ಹೇಳಿದ್ದು ಇದೇ ತಾನೆ?’ ಎಂದು ಕೇಳುವ ಅಭ್ಯಾಸವನ್ನು ಮಧ್ಯಸ್ಥಗಾರ ಮಾಡಿಸುತ್ತಾನೆ. ಅರ್ಧ ಜಗಳ ಇಲ್ಲಿಯೇ ಕರಗುವುದುಂಟು. ಒಳಗೆ ಆಡಿದ ಮಾತು ಹೊರಗೆ ಹೋಗಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಜಗಳ ಎಳೆಯದಿರುವಾಗಲೇ ಕೂರಬೇಕು. ಹುಣ್ಣು ಕೀವು ತುಂಬುವವರೆಗೆ ಕಾಯುವ ವೈದ್ಯರುಂಟೇ?

ಎಲ್ಲ ಜಗಳಕ್ಕೂ ಇದೇ ಮದ್ದಲ್ಲ

ಇಲ್ಲಿ ಎಚ್ಚರವೂ ಬೇಕು. ಒಬ್ಬರು ಹೆದರಿಸುವವರು, ಇನ್ನೊಬ್ಬರು ಹೆದರಿದವರು ಆಗಿದ್ದರೆ ಇಬ್ಬರನ್ನೂ ಒಂದೇ ಮೇಜಿನ ಮುಂದೆ ಕೂರಿಸುವುದು ಹೆದರಿದವರಿಗೆ ಎರಡನೇ ಶಿಕ್ಷೆ. ಲೈಂಗಿಕ ಕಿರುಕುಳದ ದೂರುಗಳ ವಿಷಯದಲ್ಲಿ ನಮ್ಮ 2013ರ ಕಾಯಿದೆ ಸ್ಪಷ್ಟವಾಗಿದೆ. ವಿಚಾರಣೆಗೆ ಮುನ್ನ, ನೊಂದ ಮಹಿಳೆ ತಾನಾಗಿ ಕೇಳಿದರೆ ಮಾತ್ರ ಸಂಧಾನಕ್ಕೆ ಅವಕಾಶ. ಹಣ ಕೊಟ್ಟು ಮುಗಿಸುವಂತಿಲ್ಲ.

ಬ್ರಿಸ್ಟಲ್ ಪ್ರಕರಣ ಹೇಳುವ ಎರಡನೇ ಪಾಠವೂ ಇದೇ. ‘ಮಕ್ಕಳು ಸಾಯುತ್ತಿದ್ದಾರೆ’ ಎಂದು ಒಬ್ಬರು ಹೇಳಿದಾಗ ಅದನ್ನು ಇಬ್ಬರು ವೈದ್ಯರ ಮನಸ್ತಾಪವೆಂದು ಭಾವಿಸಿ, ಬಾಗಿಲು ಮುಚ್ಚಿ ರಾಜಿ ಮಾಡಿಸಿದ್ದರೆ ಅದು ಮಹಾಪರಾಧವಾಗುತ್ತಿತ್ತು. ಅಲ್ಲಿ ಮೊದಲು ಬೇಕಿದ್ದದ್ದು ಲೆಕ್ಕ, ಬಹಿರಂಗ ಪರಿಶೀಲನೆ. ಬ್ರಿಟನ್ನಿನ ಆರೋಗ್ಯ ಸೇವೆಯಲ್ಲಿ ತಪ್ಪನ್ನು ಎತ್ತಿ ಹೇಳುವವರ ಪಾಡನ್ನು ಕುರಿತು ನ್ಯಾಯವಾದಿ ಸರ್ ರಾಬರ್ಟ್ ಫ್ರಾನ್ಸಿಸ್ 2015ರ ಫೆಬ್ರವರಿಯಲ್ಲಿ ಕೊಟ್ಟ ವರದಿ ಈ ಎರಡನ್ನೂ ಬೇರ್ಪಡಿಸಿತು. ಎತ್ತಿದ ಕಳವಳವನ್ನು ತನಿಖೆ ಮಾಡಲೇಬೇಕು. ಅದರ ಜೊತೆಗೆ, ಸಿಬ್ಬಂದಿಯ ನಡುವೆ ಮುರಿದುಬಿದ್ದ ನಂಬಿಕೆಯನ್ನು ಮತ್ತೆ ಕಟ್ಟಲು ಮಧ್ಯಸ್ಥಿಕೆಯಂಥ ನೆರವನ್ನು ಆರಂಭದಲ್ಲೇ ಒದಗಿಸುವ ಬಗ್ಗೆ ಯೋಚಿಸಬೇಕು. ತನಿಖೆಗೆ ಬದಲಾಗಿ ಮಧ್ಯಸ್ಥಿಕೆ ಬರಬಾರದು.

ನಮ್ಮಲ್ಲಿ

ಮಧ್ಯಸ್ಥಿಕೆ ನಮಗೆ ಹೊಸತೇನಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ಆಶ್ರಯದಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ 2007ರ ಜನವರಿ 1ರಿಂದ ಕೆಲಸ ಮಾಡುತ್ತಿದೆ. ನ್ಯಾಯಾಲಯದ ಮೆಟ್ಟಿಲೇರಿದ ಕೌಟುಂಬಿಕ, ಆಸ್ತಿ, ವ್ಯವಹಾರದ ವ್ಯಾಜ್ಯಗಳನ್ನು ಅಲ್ಲಿ ತರಬೇತಿ ಪಡೆದ ವಕೀಲರು ಮಾತುಕತೆಯ ದಾರಿಗೆ ತರುತ್ತಾರೆ. ಸಂಸತ್ತು 2023ರಲ್ಲಿ ಮಧ್ಯಸ್ಥಿಕೆಗೆಂದೇ ಪ್ರತ್ಯೇಕ ಕಾಯಿದೆ ಮಾಡಿತು. ಅದರ ಕೆಲವು ಕಲಮುಗಳು ಅದೇ ವರ್ಷದ ಅಕ್ಟೋಬರ್ 9ರಿಂದ ಜಾರಿಗೆ ಬಂದವು. ಮಧ್ಯಸ್ಥಗಾರ ಯಾರ ಮೇಲೂ ಪರಿಹಾರವನ್ನು ಹೇರುವಂತಿಲ್ಲ, ಮಾತುಕತೆ ಗೋಪ್ಯವಾಗಿರಬೇಕು ಎಂಬ ತತ್ವಗಳನ್ನು ಆ ಕಾಯಿದೆ ಬರೆದಿಟ್ಟಿದೆ. ವೈದ್ಯರೇ ಮೊದಲಾದ ನೋಂದಾಯಿತ ವೃತ್ತಿಯವರ ದುರ್ನಡತೆಯ ಬಗ್ಗೆ ಶಾಸನಬದ್ಧ ಮಂಡಳಿಗಳ ಮುಂದಿರುವ ದೂರುಗಳನ್ನು ಮಧ್ಯಸ್ಥಿಕೆಗೆ ತಕ್ಕುದಲ್ಲದ ಪಟ್ಟಿಯಲ್ಲಿ ಸೇರಿಸಿರುವುದು ಗಮನಾರ್ಹ. ರೋಗಿಗೆ ಆದ ಅನ್ಯಾಯ ನಾಲ್ಕು ಗೋಡೆಯೊಳಗೆ ಮುಚ್ಚಿಹೋಗಬಾರದೆಂಬ ಕಾಳಜಿ ಇಲ್ಲಿಯೂ ಕಾಣುತ್ತದೆ.

ಆದರೆ ವಾರ್ಡಿನ ಸಿಸ್ಟರ್ ಮತ್ತು ಲ್ಯಾಬಿನ ಟೆಕ್ನೀಷಿಯನ್ ನಡುವಿನ ಮನಸ್ತಾಪಕ್ಕೆ ಕಾಯಿದೆಯೂ ಬೇಕಿಲ್ಲ, ಕೇಂದ್ರವೂ ಬೇಕಿಲ್ಲ. ತರಬೇತಿ ಪಡೆದ ಇಬ್ಬರು ಮೂವರು ಸಿಬ್ಬಂದಿ, ಒಂದು ಖಾಲಿ ಕೋಣೆ, ಒಂದು ಗಂಟೆ ಬಿಡುವು ಇದ್ದರೆ ಜಿಲ್ಲಾ ಆಸ್ಪತ್ರೆಯಲ್ಲೂ ತಾಲೂಕು ಆಸ್ಪತ್ರೆಯಲ್ಲೂ ಇದನ್ನು ನಡೆಸಬಹುದು.

ಮನಸ್ಸಿದ್ದರೆ ಇನ್ನೂ ಸರಳವಾದ ಕ್ರಮಗಳೂ ಫಲ ಕೊಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಶಸ್ತ್ರಚಿಕಿತ್ಸೆಗೆಂದು ರೂಪಿಸಿದ ಪರಿಶೀಲನಾ ಪಟ್ಟಿಯಲ್ಲಿ, ಚಾಕು ಇಡುವ ಮುನ್ನ ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ಕೆಲಸ ಹೇಳಬೇಕೆಂಬ ಅಂಶವಿದೆ. ದೆಹಲಿಯ ಒಂದು ಆಸ್ಪತ್ರೆಯೂ ಸೇರಿ ಜಗತ್ತಿನ ಎಂಟು ಆಸ್ಪತ್ರೆಗಳಲ್ಲಿ ಆ ಪಟ್ಟಿಯನ್ನು ಬಳಸಿ ನೋಡಿದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಸಾವಿನ ಪ್ರಮಾಣ ಶೇ. 1.5ರಿಂದ ಶೇ. 0.8ಕ್ಕೆ, ತೊಡಕುಗಳು ಶೇ. 11ರಿಂದ ಶೇ. 7ಕ್ಕೆ ಇಳಿದಿದ್ದವು. ಪಟ್ಟಿಯಲ್ಲಿ ಬೇರೆ ಅಂಶಗಳೂ ಇದ್ದವು, ನಿಜ. ಆದರೆ ಹೆಸರು ಗೊತ್ತಿರುವವರನ್ನು ‘ಸ್ವಲ್ಪ ನಿಲ್ಲಿ ಸರ್, ಇಲ್ಲೇನೋ ತಪ್ಪಾಗಿದೆ’ ಎಂದು ತಡೆಯುವುದು ಸುಲಭವೆಂಬ ತಿಳಿವಳಿಕೆ ಆ ಅಂಶದ ಹಿಂದಿದೆ.

ವಿದ್ಯಾರ್ಥಿಗಳಿಗೆ, ತಂದೆತಾಯಿಗಳಿಗೆ

ಪಿಯುಸಿ ಮುಗಿಸಿ ನರ್ಸಿಂಗ್, ಫಾರ್ಮಸಿ, ಲ್ಯಾಬ್ ಟೆಕ್ನಾಲಜಿ, ವೈದ್ಯಕೀಯ ಕೋರ್ಸುಗಳಿಗೆ ಸೇರುವ ಮಕ್ಕಳು ನಮ್ಮ ರಾಜ್ಯದಲ್ಲಿ ಬಹಳ. ಇಲ್ಲಿನ ನರ್ಸಿಂಗ್ ಕಾಲೇಜುಗಳಲ್ಲಿ ಓದಿದವರು ಬ್ರಿಟನ್ನಿನ ಆಸ್ಪತ್ರೆಗಳಲ್ಲೂ ಕೊಲ್ಲಿ ದೇಶಗಳಲ್ಲೂ ದುಡಿಯುತ್ತಿದ್ದಾರೆ. ಅಂಗರಚನೆ, ಔಷಧಶಾಸ್ತ್ರಗಳಿಗೆ ಪರೀಕ್ಷೆ ಉಂಟು, ಅಂಕ ಉಂಟು. ಸಹೋದ್ಯೋಗಿಯ ಮಾತನ್ನು ಕಿವಿಗೊಟ್ಟು ಕೇಳುವ ವಿದ್ಯೆಗೆ ಯಾರೂ ಅಂಕ ಕೊಡುವುದಿಲ್ಲ. ಆದರೂ ನಡುರಾತ್ರಿಯ ವಾರ್ಡಿನಲ್ಲಿ ಅಷ್ಟೇ ಅಗತ್ಯವಾಗಿ ಬೇಕಾಗುವ ವಿದ್ಯೆ ಅದು.

ಇದರ ಮೊದಲ ಪಾಠಶಾಲೆ ಮನೆಯೇ. ಅಣ್ಣನಿಗೆ ದೀಪ ಆರಿಸಬೇಕು, ತಂಗಿಗೆ ನಾಳೆಯ ಪರೀಕ್ಷೆಗೆ ಓದಬೇಕು. ಜಗಳ ಅಪ್ಪನ ಬಳಿಗೆ ಬರುತ್ತದೆ. ‘ನೀನು ದೊಡ್ಡವನು, ಸುಮ್ಮನಿರು’ ಎಂದರೆ ತೀರ್ಪು ಕೊಟ್ಟಂತಾಯಿತು. ಮರುದಿನ ಇನ್ನೊಂದು ನೆವದಲ್ಲಿ ಜಗಳ ಮತ್ತೆ ಹುಟ್ಟುತ್ತದೆ. ‘ನಿನಗೆ ಯಾಕೆ ಬೇಕು, ಅವಳಿಗೆ ಯಾಕೆ ಬೇಕು, ಇಬ್ಬರೂ ಯೋಚಿಸಿ ಹೇಳಿ’ ಎಂದರೆ, ಮೇಜಿನ ಮೇಲೆ ಸಣ್ಣ ದೀಪವೊಂದನ್ನು ಇಟ್ಟುಕೊಳ್ಳುವ ಉಪಾಯ ಅವರಿಗೇ ಹೊಳೆದೀತು. ಹಾಗೆ ಬೆಳೆದ ಹುಡುಗಿ ಮುಂದೊಂದು ದಿನ ಸಿಸ್ಟರ್ ಆದಾಗ, ಕೆಂಪು ಶಾಯಿಯ ಚೀಟಿ ಕೈಗೆ ಬಂದ ಕೂಡಲೇ ದೂರು ಬರೆಯಲು ಕೂರದೆ ಫೋನೆತ್ತಿ ‘ಯಾಕೆ?’ ಎಂದು ಕೇಳಿಯಾಳು. ಅತ್ತ ವಾರ್ಡಿನಲ್ಲಿ ಮಲಗಿರುವ ಅಜ್ಜನಿಗೆ ಇದಾವುದೂ ತಿಳಿಯುವುದಿಲ್ಲ. ತಕ್ಕ ಹೊತ್ತಿಗೆ ಅವರಿಗೆ ಸರಿಯಾದ ಔಷಧಿ ಸಿಕ್ಕಿರುತ್ತದೆ, ಅಷ್ಟೇ.